ಆಶ್ರಯ ಕೊಟ್ಟ ಮೇಲೆ

ಪುತ್ತೂರು, ಸುಳ್ಯ, ಕಡಬದ ತಾಲೂಕು ಕಚೇರಿಗಳಲ್ಲಿ ‘ಅಕ್ರಮ ಸಕ್ರಮ’ ಎಂಬ ಮಾತು ಕೇಳದ ದಿನವಿಲ್ಲ. ನಮೂನೆ 50, ನಮೂನೆ 53, ಆಮೇಲೆ ಬಂದ 57. ಮನೆಯಡಿ ಜಾಗಕ್ಕಾದರೆ 94ಸಿ. ಈ ಅಂಕೆಗಳ ಅರ್ಥವನ್ನು ಇಲ್ಲಿನ ಕೃಷಿಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸರಕಾರಿ ಜಾಗದಲ್ಲಿ ಅಪ್ಪನೋ ಅಜ್ಜನೋ ನಾಲ್ಕು ಅಡಿಕೆ ಗಿಡ ನೆಟ್ಟಿದ್ದಾರೆ, ಕೆರೆ ತೋಡಿದ್ದಾರೆ, ಮನೆ ಕಟ್ಟಿದ್ದಾರೆ. ಕೈಯಲ್ಲಿ ಪಟ್ಟೆ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಒತ್ತುವರಿ. ಆದರೂ ಇಂತಿಷ್ಟು ವರ್ಷದಿಂದ ಸಾಗುವಳಿ ನಡೆದಿದ್ದರೆ ಅದನ್ನು ಒಪ್ಪಿ ಹಕ್ಕುಪತ್ರ ಕೊಡಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆಯೇ ದಾರಿ ಮಾಡಿತು. ನಮೂನೆ 50ರ ಕಾಲದಲ್ಲಿ 1990ರ ಏಪ್ರಿಲ್ 14ಕ್ಕೆ ಮೊದಲಿನ ಸಾಗುವಳಿ ಎಂಬುದು ಗಡುವಾಗಿತ್ತು.

ಈ ಕಾನೂನಿನ ಅಡಿಗೆ ಒಂದು ನೈತಿಕ ನಂಬಿಕೆ ಇದೆ. ಬಹುಕಾಲ ಒಂದು ನೆಲದಲ್ಲಿ ಬಾಳಿ, ಬೆವರು ಸುರಿಸಿದವನಿಗೆ ಆ ನೆಲದ ಮೇಲೆ ಏನೋ ಒಂದು ಹಕ್ಕು ಹುಟ್ಟುತ್ತದೆ. ಕಾಗದ ಆ ಹಕ್ಕನ್ನು ಹುಟ್ಟಿಸುವುದಿಲ್ಲ, ತಡವಾಗಿಯಾದರೂ ಅದನ್ನು ಗುರುತಿಸುತ್ತದೆ. ಅಡಿಕೆ ತೋಟದ ವಿಷಯದಲ್ಲಿ ಈ ಊರುಗಳು ಇದನ್ನು ತಕರಾರಿಲ್ಲದೆ ಒಪ್ಪಿಕೊಂಡಿವೆ. ಮನುಷ್ಯರ ವಿಷಯಕ್ಕೆ ಬಂದಾಗ ಇದೇ ನಂಬಿಕೆ ಎಷ್ಟು ದೂರ ನಡೆಯುತ್ತದೆ? ಕಾಗದವಿಲ್ಲದೆ ಒಂದು ದೇಶದೊಳಗೆ ಬಂದು ಬಾಳಿದವರಿಗೆ, ಅಥವಾ ಬೇರೆ ಯಾರೋ ಬರೆದ ಕಾಗದದ ಮೇಲೆ ಒಂದು ದೇಶಕ್ಕೆ ಬಂದಿಳಿದವರಿಗೆ, ಆ ದೇಶ ಏನು ಕೊಡಬೇಕು?

ಅಮೆರಿಕದಲ್ಲಿ ಈ ಚರ್ಚೆ ಹಲವು ದಶಕಗಳಷ್ಟು ಹಳೆಯದು. 1986ರ ನವೆಂಬರ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಮಾಡಿದ ವಲಸೆ ಸುಧಾರಣಾ ಕಾನೂನು ಒಂದು ದೊಡ್ಡ ‘ಸಕ್ರಮ’ವೇ ಆಗಿತ್ತು. 1982ರ ಜನವರಿ 1ಕ್ಕೆ ಮೊದಲು ಬಂದು ಅಲ್ಲೇ ನೆಲೆಸಿದ್ದವರಿಗೆ, ಜೊತೆಗೆ ಹೊಲಗೆಲಸದವರಿಗೆ ಅದು ಬಾಗಿಲು ತೆರೆಯಿತು. ಸುಮಾರು 27 ಲಕ್ಷ ಮಂದಿ ಕಾನೂನುಬದ್ಧ ನಿವಾಸಿಗಳಾದರು. ಅಂಥ ಇನ್ನೊಂದು ಕಾನೂನು ಆಮೇಲೆ ಬರಲಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಬಂದವರಿಗೆ 2012ರಲ್ಲಿ ಒಬಾಮ ಸರಕಾರ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಎರಡೆರಡು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆ ರಕ್ಷಣೆಯಿಂದ ಪೌರತ್ವಕ್ಕೆ ದಾರಿಯಿಲ್ಲ. ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ನಿಯಮ ಮುರಿದವನಿಗೆ ಸವಲತ್ತು ಕೊಟ್ಟರೆ ನಿಯಮ ಪಾಲಿಸಿ ಕಾದವನ ಗತಿಯೇನು ಎಂಬುದು ಅವರ ಪ್ರಶ್ನೆ. ಹಾಗೆ ಕಾದವರಲ್ಲಿ ಕನ್ನಡದ ಎಂಜಿನಿಯರ್ ಕುಟುಂಬಗಳೂ ಇವೆ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ನಲ್ಲಿ ಯಾವುದೇ ಒಂದು ದೇಶದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಸಿಗಬಾರದೆಂಬ ಮಿತಿಯಿಂದಾಗಿ ಭಾರತೀಯರ ಸರತಿ ದಶಕಗಟ್ಟಲೆ ಬೆಳೆದಿದೆ. ಆ ಮನೆಗಳ ಮಕ್ಕಳು 21 ತುಂಬಿದ ಕೂಡಲೇ ತಂದೆತಾಯಿಯ ಅರ್ಜಿಯಿಂದ ಹೊರಬೀಳುವ ಭಯದಲ್ಲಿ ಬೆಳೆಯುತ್ತಾರೆ.

ಇದೆಲ್ಲ ದೂರದೇಶದ ಮಾತೆಂದು ಬದಿಗಿಡುವಂತಿಲ್ಲ. ಸುಳ್ಯದ ನಾಗಪಟ್ಟಣ, ಮೇದಿನಡ್ಕ, ಐವರ್ನಾಡಿನ ಕಡೆ ರಸ್ತೆಯ ಎರಡೂ ಬದಿ ಸಾಲುಸಾಲಾಗಿ ನಿಂತ ರಬ್ಬರ್ ಮರಗಳಲ್ಲಿ ಬಹುಪಾಲು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ಜನರ ಬಾಯಲ್ಲಿ ಅದು ಬರೀ ‘ಕೆಎಫ್‌ಡಿಸಿ’. ತೋಟದ ನಡುವಿನ ಲೈನ್ ಮನೆಗಳಲ್ಲಿ ತಮಿಳು ಮಾತಾಡುವ ಕುಟುಂಬಗಳಿವೆ. ಈ ತೋಟಗಳು ಹುಟ್ಟಿದ್ದೇ ಅವರಿಗಾಗಿ.

ಅವರ ಕಥೆ ಶುರುವಾಗುವುದು ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಬೆಟ್ಟಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಮೊದಲು ಕಾಫಿಗೆ, ಎಲೆರೋಗ ಬಂದು ಕಾಫಿ ನೆಲ ಕಚ್ಚಿದ ಮೇಲೆ ಚಹಾಕ್ಕೆ, ತಮಿಳುನಾಡಿನ ಒಣಜಿಲ್ಲೆಗಳಿಂದ ಕಂಗಾಣಿ ಎಂಬ ಮೇಸ್ತ್ರಿಗಳ ಮೂಲಕ ಆಳುಗಳನ್ನು ಕರೆಸಿದರು. ಹೋದವರಲ್ಲಿ ಬಹಳ ಮಂದಿ ಪಳ್ಳರ್, ಪರೈಯರ್, ಅರುಂಧತಿಯರ್ ಸಮುದಾಯದ ದಲಿತರು. ತಮ್ಮ ಊರಲ್ಲಿ ಹಿಡಿ ಮಣ್ಣಿಗೂ ಒಡೆಯರಾಗದವರು. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ, ಅಲ್ಲೇ ಸತ್ತಿತು. 1948ರ ಫೆಬ್ರವರಿಯಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಕೇಳಿದ ವಂಶದ ದಾಖಲೆ ತೋಟದ ಕೂಲಿಯವರ ಹತ್ತಿರ ಇರಲಿಲ್ಲ. ಲಕ್ಷಾಂತರ ಮಂದಿ, ಊರು ಬಿಟ್ಟು ಕದಲದೆಯೇ, ಯಾವ ದೇಶಕ್ಕೂ ಸೇರದವರಾದರು. ಇದನ್ನು ವಿರೋಧಿಸಿ ಅಲ್ಲಿನ ತಮಿಳು ನಾಯಕ ಎಸ್.ಜೆ.ವಿ. ಚೆಲ್ವನಾಯಗಂ ತಮ್ಮ ಪಕ್ಷವನ್ನೇ ತೊರೆದು 1949ರಲ್ಲಿ ಹೊಸ ಪಕ್ಷ ಕಟ್ಟಿದರು. ಕಾಯ್ದೆ ಮಾತ್ರ ಉಳಿಯಿತು.

1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಬಂದರು. ಒಟ್ಟು 9.75 ಲಕ್ಷ ಮಂದಿ, ಅದರಲ್ಲಿ 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಲೋನಿಗೆ. ಉಳಿದ 1.5 ಲಕ್ಷದ ತೀರ್ಮಾನ ಮುಂದಕ್ಕೆ ಹೋಯಿತು. 1974ರಲ್ಲಿ ಇಂದಿರಾ ಗಾಂಧಿ ಆ ಉಳಿಕೆಯನ್ನೂ ತಲಾ 75 ಸಾವಿರದಂತೆ ಹಂಚಿಕೊಳ್ಳಲು ಒಪ್ಪಿದರು. ಎರಡು ಸರಕಾರಗಳು ಸದುದ್ದೇಶದಿಂದಲೇ ಕೂತಿರಬಹುದು. ಆದರೆ ಯಾರು ಎಲ್ಲಿ ಬಾಳಬೇಕೆಂಬ ಪಾಲುಪಟ್ಟಿಯನ್ನು ಆ ಜನರನ್ನು ಕೇಳುವ ಮೊದಲೇ ಬರೆದಾಗಿತ್ತು. ಆಮೇಲೆ ಅರ್ಜಿ ಕರೆದಾಗ ಭಾರತವನ್ನು ಆರಿಸಿಕೊಂಡವರು ಒಪ್ಪಂದ ನಿಗದಿ ಮಾಡಿದ್ದಕ್ಕಿಂತ ಕಡಿಮೆ. ಹುಟ್ಟಿದ ದ್ವೀಪದಲ್ಲೇ ಉಳಿಯಬೇಕೆಂದು ಬಯಸಿದವರೇ ಹೆಚ್ಚು.

ಬಂದವರು ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದರು, ಮಂಡಪಂ ಶಿಬಿರದಲ್ಲಿ ಕಾದರು. ಅಲ್ಲಿಂದ ಕೆಲವರು ನೀಲಗಿರಿಯ ಸರಕಾರಿ ಚಹಾ ತೋಟಗಳಿಗೆ, ಕೆಲವರು ಕೇರಳದ ಪುನಲೂರಿನ ರಬ್ಬರಿಗೆ, ಇನ್ನು ಕೆಲವರು ಪುತ್ತೂರು–ಸುಳ್ಯದ ಕಾಡಿಗೆ. ಇಲ್ಲಿ ಅರಣ್ಯ ಇಲಾಖೆ ಮೊದಲು ಮಾಡಿದ ರಬ್ಬರ್ ತೋಟ, 1971ರಲ್ಲಿ ನಿಗಮ ಸ್ಥಾಪನೆಯಾದ ಮೇಲೆ ಅದರ ಕೈಗೆ ಬಂತು. ಚಹಾ ಚಿಗುರು ಚಿವುಟಿ ಬಲ್ಲ ಕೈಗಳು ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿತವು. ಬೆಳಕು ಹರಿಯುವ ಮೊದಲೇ ಹೊರಡಬೇಕು, ಬಿಸಿಲೇರಿದರೆ ಹಾಲು ನಿಲ್ಲುತ್ತದೆ. ಒಬ್ಬೊಬ್ಬರ ಪಾಲಿಗೆ ಮುನ್ನೂರರಷ್ಟು ಮರ. ತೊಗಟೆಯನ್ನು ಮರಕ್ಕೆ ಗಾಯವಾಗದಷ್ಟು ತೆಳ್ಳಗೆ ಕೊರೆಯಬೇಕು. ಹಾಲು ತಂದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟು ಒತ್ತಿ, ಹೊಗೆಮನೆಯಲ್ಲಿ ಒಣಗಿಸುವ ತನಕ ಕೆಲಸ ಮುಗಿಯುವುದಿಲ್ಲ. ಜಿಗಣೆ, ಮಳೆ, ಮಂಜು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು, ಪೇಟೆಯಲ್ಲಿ ತುಳು ಕಲಿತರು.

ಇವರು ‘ದಾಖಲೆಯಿಲ್ಲದವರು’ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಭಾರತದ ಪಾಸ್‌ಪೋರ್ಟು ಕೈಯಲ್ಲಿ ಹಿಡಿದೇ ಹಡಗು ಹತ್ತಿದವರು. ಮತದಾರರು, ಪ್ರಜೆಗಳು. ಹಾಗಿದ್ದೂ ಅವರ ಬದುಕು ಪೌರತ್ವದ ಚರ್ಚೆಗೆ ಒಂದು ಕಟ್ಟುನಿಟ್ಟಿನ ಪರೀಕ್ಷೆ. ಜಗತ್ತಿನ ಬೇರೆಡೆ ಹೋರಾಡಿ ಕೇಳುವ ಕಾಗದ ಇಲ್ಲಿ ಮೊದಲ ದಿನವೇ ಸಿಕ್ಕಿತು. ಆಮೇಲೇನಾಯಿತು ಎಂಬುದನ್ನು ನೋಡಿದರೆ ಆ ಕಾಗದ ಎಷ್ಟು ಕೊಡುತ್ತದೆ, ಎಷ್ಟು ಕೊಡುವುದಿಲ್ಲ ಎಂಬುದು ತಿಳಿಯುತ್ತದೆ.

ಧರ್ಮದ ದೃಷ್ಟಿಯಿಂದ ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೊರಗೆಲ್ಲೂ ಹೋಗಬೇಕಾಗಿಲ್ಲ. ಈ ತಾಲೂಕುಗಳ ಎರಡು ದೊಡ್ಡ ಕಥೆಗಳೂ ಆಶ್ರಯದ ಕಥೆಗಳು.

ಒಂದು ಕುಕ್ಕೆಯದು. ಗರುಡನಿಗೆ ಹೆದರಿ ಓಡಿಬಂದ ವಾಸುಕಿ ಬಿಲದ್ವಾರದ ಗುಹೆಯಲ್ಲಿ ಅಡಗಿ ತಪಸ್ಸು ಮಾಡಿದನೆಂದು ಸ್ಥಳಪುರಾಣ ಹೇಳುತ್ತದೆ. ತಾರಕನನ್ನು ಕೊಂದು ಕುಮಾರಧಾರೆಗೆ ಬಂದ ಷಣ್ಮುಖ ಅವನಿಗೆ ಅಭಯ ಕೊಟ್ಟ. ಕಥೆ ಅಲ್ಲಿಗೇ ನಿಂತಿದ್ದರೆ ಅದು ಪ್ರಾಣ ಉಳಿಸಿದ ಕಥೆ ಮಾತ್ರವಾಗುತ್ತಿತ್ತು. ಸುಬ್ರಹ್ಮಣ್ಯ ವಾಸುಕಿಯನ್ನು ತನ್ನ ಗರ್ಭಗುಡಿಯಲ್ಲೇ ಇರಿಸಿಕೊಂಡ. ಇಲ್ಲಿ ವಾಸುಕಿಗೆ ಸಲ್ಲಿಸಿದ ಪೂಜೆ ಸುಬ್ರಹ್ಮಣ್ಯನಿಗೇ ಸಲ್ಲುತ್ತದೆಂಬುದು ಭಕ್ತರ ನಂಬಿಕೆ. ಅಡಗಲು ಬಂದವನು ಪೂಜೆಯಲ್ಲಿ ಪಾಲುದಾರನಾದ. ಸಿಲೋನಿನ ತೋಟದ ತಮಿಳರ ಆರಾಧ್ಯನೂ ಇದೇ ಸುಬ್ರಹ್ಮಣ್ಯ, ಅವರ ಬಾಯಲ್ಲಿ ಮುರುಗ. ಆ ದ್ವೀಪದ ಕದಿರ್ಗಾಮದಲ್ಲಿ ಅವನ ದೊಡ್ಡ ಕ್ಷೇತ್ರವಿದೆ. ಸಮುದ್ರ ದಾಟಿ ಬಂದವರಿಗೆ ಈ ಕಾಡಿನಲ್ಲಿ ಪರಿಚಿತವಾದದ್ದು ಏನಾದರೂ ಇದ್ದರೆ ಅದು ಕುಮಾರಧಾರೆಯ ದಡದ ಈ ದೇವರು.

ಇನ್ನೊಂದು ಕೋಟಿ–ಚೆನ್ನಯರದು. ಪಾಡ್ದನದಿಂದ ಪಾಡ್ದನಕ್ಕೆ ವಿವರ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ: ಪಡುಮಲೆಯಿಂದ ಪಂಜಕ್ಕೆ, ಪಂಜದಿಂದ ಎಣ್ಮೂರಿಗೆ. ಅವಳಿ ವೀರರ ತಾಯಿ ದೇಯಿ ಬೈದೆದಿ ಪಡುಮಲೆಯ ಬಲ್ಲಾಳನ ಕಾಯಿಲೆ ವಾಸಿ ಮಾಡಿದವಳು. ಆ ಉಪಕಾರಕ್ಕೆ ಆಡಿದ ಮಾತು ಮಕ್ಕಳ ಕಾಲಕ್ಕೆ ನಡೆಯಲಿಲ್ಲ. ಸೇವೆ ಸ್ವೀಕರಿಸಿ ಪಾಲು ನಿರಾಕರಿಸಿದ ಊರನ್ನು ಅವರು ಬಿಟ್ಟರು. ಪಂಜದವರು ಅವರನ್ನು ಹಿಡಿದು ಕೂಡಿಹಾಕಿದರು. ಎಣ್ಮೂರಿನ ಬಲ್ಲಾಳ ಬಾಗಿಲು ತೆರೆದ, ನೆಲೆ ಕೊಟ್ಟ, ಮಾನ ಕೊಟ್ಟ. ಎಣ್ಮೂರಿಗಾಗಿ ಕಾದಿಯೇ ಅವರು ಮಡಿದರು. ತುಳುನಾಡು ಇಂದಿಗೂ ಗರಡಿಗಳಲ್ಲಿ ಪೂಜಿಸುವುದು ಹುಟ್ಟಿದ ಊರು ಕೈಬಿಟ್ಟ ಈ ಇಬ್ಬರನ್ನು. ಮೂರು ಬೀಡುಗಳು, ಮೂರು ಬಗೆಯ ನಡತೆ. ವಲಸೆಯ ಬಗ್ಗೆ ಇಂದಿನ ಸರಕಾರಗಳ ಮುಂದಿರುವ ಆಯ್ಕೆಗಳೂ ಇವೇ.

ಎರಡೂ ಕಥೆಗಳು ಆಶ್ರಯವನ್ನೂ ಪಾಲನ್ನೂ ಬೇರೆಬೇರೆಯಾಗಿ ತೂಗುತ್ತವೆ. ಸಾಯದಂತೆ ಕಾಯುವುದು ಆಶ್ರಯ. ನೆಲದಲ್ಲಿ, ಮಾನದಲ್ಲಿ, ನಾಳಿನ ಭರವಸೆಯಲ್ಲಿ ಸಮನಾಗಿ ಕೂರಿಸುವುದು ಪಾಲು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ತಡೆಹಿಡಿದವನು ಅರ್ಧ ಧರ್ಮವನ್ನಷ್ಟೇ ನಡೆಸಿದ್ದಾನೆ. ಅಮೆರಿಕದ ರಾಜಕೀಯ ತತ್ತ್ವಜ್ಞಾನಿ ಮೈಕೆಲ್ ವಾಲ್ಜರ್ 1983ರ ತಮ್ಮ ಗ್ರಂಥದಲ್ಲಿ ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂದರು. ಯಾರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವ ಹಕ್ಕು ಸಮುದಾಯಕ್ಕೆ ಇದೆ ಎಂದು ಅವರು ಒಪ್ಪುತ್ತಾರೆ. ಆದರೆ ದುಡಿಮೆಗೆ ಕರೆದುಕೊಂಡ ಮೇಲೆ ಅವರನ್ನು ಶಾಶ್ವತವಾಗಿ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸುವುದು ದಬ್ಬಾಳಿಕೆ ಎನ್ನುತ್ತಾರೆ. ಇನ್ನೊಬ್ಬ ಚಿಂತಕ ಜೋಸೆಫ್ ಕ್ಯಾರೆನ್ಸ್ ಕಾಲದ ಮಾತನ್ನು ಮುಂದಿಡುತ್ತಾರೆ: ವರ್ಷಗಳು ಕಳೆದಂತೆ ಮನುಷ್ಯನ ಬೇರು ಇಳಿಯುತ್ತದೆ, ಅವನು ಹೇಗೆ ಬಂದ ಎಂಬ ಪ್ರಶ್ನೆಯ ತೂಕ ಇಳಿಯುತ್ತದೆ.

ಈ ಅಳತೆಯಲ್ಲಿ ರಬ್ಬರ್ ತೋಟದ ಜನರಿಗೆ ಸಿಕ್ಕಿದ್ದೆಷ್ಟು? ಕೆಲಸ ಸಿಕ್ಕಿತು, ಸೂರು ಸಿಕ್ಕಿತು. ಆದರೆ ಸೂರು ಕೆಲಸಕ್ಕೆ ಅಂಟಿಕೊಂಡದ್ದು. ಲೈನ್ ಮನೆ ನಿಗಮದ್ದು, ನೆಲ ಅರಣ್ಯ ಇಲಾಖೆಯದ್ದು. ನಿವೃತ್ತಿಯಾದ ದಿನ ಕೆಲಸದ ಜೊತೆ ಮನೆಯ ಮೇಲಿನ ಹಕ್ಕೂ ಮುಗಿಯುತ್ತದೆ. ನೆರೆಯ ಕೃಷಿಕನನ್ನು ಕಾದ ಅಕ್ರಮ ಸಕ್ರಮ ಅರಣ್ಯ ಭೂಮಿಗೆ ಅನ್ವಯಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ಕೇಳುತ್ತದೆ. ಸರಕಾರವೇ ಹಡಗಿನಲ್ಲಿ ಕರೆತಂದು ಕಾಡಿನಲ್ಲಿ ಇಳಿಸಿದವರು ಆ 75 ವರ್ಷವನ್ನು ಎಲ್ಲಿಂದ ತರಬೇಕು?

ಅದೇ ವರ್ಷಗಳಲ್ಲಿ ತೋಟದ ಬೇಲಿಯಾಚೆ ಏನು ನಡೆಯುತ್ತಿತ್ತು ಎಂಬುದನ್ನೂ ನೆನೆಯಬೇಕು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣೆ ಜಾರಿಗೆ ಬಂದು, ದಕ್ಷಿಣ ಕನ್ನಡದ ಸಾವಿರಾರು ಗೇಣಿದಾರರು ‘ಡಿಕ್ಲರೇಶನ್’ ಕೊಟ್ಟು ಒಡೆಯರಾದರು. ದುಡಿದವನಿಗೆ ನೆಲ ಎಂಬ ತತ್ತ್ವ ಈ ಮಣ್ಣಿನಲ್ಲೇ ಕಾನೂನಾಯಿತು. ಕಡಬ, ನೆಲ್ಯಾಡಿಯ ಕಡೆ ಕೇರಳದಿಂದ ಬಂದ ಕ್ರೈಸ್ತ ಕೃಷಿಕರು ಕಾಡುಗುಡ್ಡಗಳನ್ನು ಕೊಂಡು, ಜ್ವರಕ್ಕೂ ಆನೆಗೂ ಎದೆಗೊಟ್ಟು ರಬ್ಬರ್ ಬೆಳೆಸಿದರು. ಅವರು ಇಲ್ಲಿ ಎಷ್ಟು ಬೇರುಬಿಟ್ಟರೆಂದರೆ 2010ರಲ್ಲಿ ಪುತ್ತೂರು ಸೀರೋ ಮಲಂಕರ ಸಭೆಯ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಅವರಿಗೆ ಭೂಮಿ ಕೊಳ್ಳುವಷ್ಟು ಹಣವಿತ್ತು, ದೇಶದ ಯಾವ ಮೂಲೆಯಲ್ಲೂ ನೆಲೆಸಬಹುದೆಂಬ ಸಂವಿಧಾನದ 19ನೇ ವಿಧಿಯ ಬಲವಿತ್ತು. ಸಿಲೋನಿನಿಂದ ಬಂದವರಿಗೂ ಆ ವಿಧಿ ಸಲ್ಲುತ್ತದೆ; ಕೊಳ್ಳುವ ಹಣ ಇರಲಿಲ್ಲ. ಒಂದೇ ಮರದ ಹಾಲಿನಿಂದ ಒಬ್ಬರು ತೋಟದ ಯಜಮಾನರಾದರು, ಇನ್ನೊಬ್ಬರು ಕೂಲಿಯಲ್ಲೇ ಉಳಿದರು.

ಎರಡನೆಯ ತೊಡಕು ಜಾತಿ ಪ್ರಮಾಣಪತ್ರದ್ದು. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದರಂತೆ ಇದೆ. ಒಂದು ರಾಜ್ಯದ ಮಾನ್ಯತೆ ವಲಸೆ ಹೋದವರ ಜೊತೆ ಇನ್ನೊಂದು ರಾಜ್ಯಕ್ಕೆ ಸಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ಪ್ರಮಾಣಪತ್ರಕ್ಕೆ ಆಧಾರ 1950ರ ಆಗಸ್ಟ್ 10ರಂದು ಕುಟುಂಬ ಎಲ್ಲಿ ವಾಸವಿತ್ತು ಎಂಬುದು. ಆ ದಿನ ಈ ಕುಟುಂಬಗಳು ಯಾವ ರಾಜ್ಯದಲ್ಲೂ ಇರಲಿಲ್ಲ, ನುವರ ಎಲಿಯದ ಚಹಾ ಗಿಡಗಳ ನಡುವೆ ಯಾವ ದೇಶಕ್ಕೂ ಸೇರದೆ ಇದ್ದವು. ಇಲ್ಲೇ ಹುಟ್ಟಿ ಕನ್ನಡದಲ್ಲೇ ಓದಿದ ಮಕ್ಕಳು ಕಾಲೇಜಿನ ಸೀಟು, ವಿದ್ಯಾರ್ಥಿವೇತನದ ಬಾಗಿಲಲ್ಲಿ ತಮ್ಮ ಮುತ್ತಜ್ಜ ಯಾವ ಜಿಲ್ಲೆಯವನೆಂದು ಸಾಬೀತು ಮಾಡಬೇಕಾಗುತ್ತದೆ. 1948ರಲ್ಲಿ ಸಿಲೋನ್ ಕೇಳಿದ್ದೂ ಇಂಥದೇ ದಾಖಲೆಯನ್ನು.

ಆಕ್ಷೇಪಗಳನ್ನು ತಳ್ಳಿಹಾಕುವುದು ಸರಿಯಲ್ಲ. ಸ್ಥಳೀಯ ದಲಿತರಿಗೇ ಸಾಲದ ಅವಕಾಶದಲ್ಲಿ ಹೊರಗಿನವರಿಗೆ ಪಾಲೇಕೆ ಎಂದು ಕೇಳುವವರಿದ್ದಾರೆ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯ ಚೋಮ ಈ ಮಣ್ಣಿನಲ್ಲೇ ಹುಟ್ಟಿದವನು. ಒಂದು ತುಂಡು ನೆಲ ಉಳಬೇಕೆಂಬ ಅವನ ಆಸೆ ಈಡೇರಲಿಲ್ಲ. ಸಾಲ ತೀರಿಸಲು ಅವನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಯಿತು. ಈ ನೆಲದಲ್ಲಿ ಹುಟ್ಟಿದ್ದರಿಂದಲೇ ಪಾಲು ಸಿಗುತ್ತದೆ ಎಂಬುದು ಚೋಮನ ವಿಷಯದಲ್ಲಿ ಸುಳ್ಳಾಗಿತ್ತು. ತೋಟಕ್ಕೆ ಹೋದ ಚೋಮನ ಮಕ್ಕಳಿಗೂ, ಸಮುದ್ರ ದಾಟಿ ತೋಟಕ್ಕೆ ಹೋದ ತಮಿಳು ದಲಿತರಿಗೂ ಆದ ಅನ್ಯಾಯ ಒಂದೇ ಬಗೆಯದು. ಇಬ್ಬರಿಗೂ ಸಲ್ಲಬೇಕಾದ್ದನ್ನು ಇಬ್ಬರೇ ಕಿತ್ತಾಡಿ ಹಂಚಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಪುನರ್ವಸತಿ ಕುಟುಂಬಗಳಿಗೆ ಪ್ರತ್ಯೇಕ ಅನುದಾನ, ಪ್ರತ್ಯೇಕ ಸೀಟು ಕೊಡುವುದು ಒಪ್ಪಂದಕ್ಕೆ ಸಹಿ ಹಾಕಿದ ಸರಕಾರದ ಹೊಣೆ. ಸಕ್ರಮವೇ ಹೊಸ ಅಕ್ರಮಕ್ಕೆ ದಾರಿ ಎಂಬ ಆಕ್ಷೇಪವೂ ನಿಜವೇ. ಕಾಡು ಕಡಿದು ಅರ್ಜಿ ಹಾಕಿದವರನ್ನು ಈ ತಾಲೂಕುಗಳು ಕಂಡಿವೆ. ಅದಕ್ಕಾಗಿಯೇ ಗಡುವು ಬೇಕು, ಪರಿಶೀಲನೆ ಬೇಕು. ರೇಗನ್ ಕಾಲದ ಕಾನೂನಿಗೂ ನಮೂನೆ 50ಕ್ಕೂ ಗಡುವಿತ್ತು. ಗಡುವು ಇಟ್ಟು ದಾರಿ ತೆರೆಯುವುದಕ್ಕೂ, ದಾರಿಯೇ ಇಲ್ಲವೆನ್ನುವುದಕ್ಕೂ ಬಹಳ ಅಂತರವಿದೆ.

ದಾರಿಯೇ ಇಲ್ಲದವರು ಇವರದೇ ಬಂಧುಬಳಗದಲ್ಲಿದ್ದಾರೆ. ಶ್ರೀಲಂಕಾದಲ್ಲಿ 1983ರಲ್ಲಿ ನಡೆದ ತಮಿಳು ವಿರೋಧಿ ಹಿಂಸಾಚಾರದ ನಂತರ ಹಡಗಿನ ಸಂಚಾರ ನಿಂತಿತು. ದೋಣಿಯಲ್ಲಿ ಜೀವ ಉಳಿಸಿಕೊಂಡು ಬಂದವರಲ್ಲಿ ಬೆಟ್ಟದ ತೋಟಗಳ ತಮಿಳರೂ ಇದ್ದರು. ಅದೇ ಮೂಲ, ಅದೇ ಒಪ್ಪಂದದ ನೆರಳು, ಆದರೆ ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲ. ತಮಿಳುನಾಡಿನ ಶಿಬಿರಗಳಲ್ಲಿ ಇಂದಿಗೂ ಐವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ, ಅಲ್ಲೇ ಹುಟ್ಟಿದವರಿಗೂ ಮಕ್ಕಳಾಗಿವೆ. ಅವರಲ್ಲಿ 65 ಮಂದಿಯ ಅರ್ಜಿಯ ಮೇಲೆ 2019ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಭಾರತೀಯ ಮೂಲದ ಇವರನ್ನು ಬರೀ ಅಕ್ರಮ ವಲಸಿಗರೆಂದು ನೋಡಬಾರದೆಂದರು. ಪೌರತ್ವದ ಕೋರಿಕೆಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಸೂಚಿಸಿದರು. ಆ ವರ್ಷದ ಕೊನೆಗೆ ಬಂದ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಆರು ಧರ್ಮಗಳವರಿಗೆ ದಾರಿ ಮಾಡಿತು, ಶ್ರೀಲಂಕಾ ಅದರಲ್ಲಿಲ್ಲ. 2025ರ ಸೆಪ್ಟೆಂಬರ್‌ನ ಆದೇಶವೊಂದು 2015ರ ಜನವರಿ 9ಕ್ಕೆ ಮೊದಲು ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ದಾಖಲೆಯಿಲ್ಲದ ಕಾರಣಕ್ಕೆ ಶಿಕ್ಷೆಯಾಗದಂತೆ ವಿನಾಯಿತಿ ಕೊಟ್ಟಿದೆ. ಇಷ್ಟಾದರೂ ಆಯಿತೆಂದು ಸ್ವಾಗತಿಸಬೇಕು. ಆದರೆ ಅದೂ ಆಶ್ರಯವೇ, ಪಾಲಲ್ಲ.

ಜನರನ್ನು ಹೊರಹಾಕಿದ ಶ್ರೀಲಂಕಾವೇ 2003ರಲ್ಲಿ ಇನ್ನೊಂದು ಕಾನೂನು ಮಾಡಿತು. ಒಪ್ಪಂದಕ್ಕೆ ಸಹಿ ಬಿದ್ದ 1964ರ ಅಕ್ಟೋಬರ್ 30ರಿಂದ ಅಲ್ಲೇ ವಾಸವಿದ್ದ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. 1948ರ ತಪ್ಪನ್ನು ತಿದ್ದಲು ಅದಕ್ಕೆ 55 ವರ್ಷ ಹಿಡಿಯಿತು, ಆದರೆ ತಿದ್ದಿತು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವಿಲ್ಲ.

ಕರ್ನಾಟಕದ ಪಾಲಿನ ಕೆಲಸ ಸ್ಪಷ್ಟವಾಗಿದೆ: ನಿವೃತ್ತರಾದ ಕಾರ್ಮಿಕರಿಗೆ ಪುತ್ತೂರು, ಸುಳ್ಯ, ಕಡಬದ ಕಂದಾಯ ಭೂಮಿಯಲ್ಲಿ ಅವರವರ ಹೆಸರಿನ ನಿವೇಶನ, ಒಪ್ಪಂದದಡಿ ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಜಾತಿ ಪ್ರಮಾಣಪತ್ರದ ಬಗ್ಗೆ ಗೊಂದಲವಿಲ್ಲದ ಒಂದು ಆದೇಶ. ಕೇಂದ್ರದ ಪಾಲಿನದು ಶಿಬಿರದವರ ಪೌರತ್ವದ ಅರ್ಜಿಗಳಿಗೆ ಗಡುವಿಟ್ಟು ಉತ್ತರ ಕೊಡುವುದು. ಹಡಗಿನಿಂದಿಳಿದ ತಲೆಮಾರು ಈಗ ಮುಪ್ಪಿನಲ್ಲಿದೆ. ನೇರ ವಾರಸುದಾರರಿಗೆ ಪರಿಹಾರ ಕೊಡುವ ಯೋಜನೆಯಾಗಿ ಇದನ್ನು ಮುಂದೂಡದೆ, ಮರ ಕೊರೆದವರೇ ಬದುಕಿರುವಾಗ ಅವರ ಕೈಗೇ ಹಕ್ಕುಪತ್ರ ಕೊಡಬೇಕು.